ಇಮಾಮಬಿಯ ತಾಮ್ರಬಣ್ಣದ ತತ್ತಿ

ನಿನ್ನೆ ಬೆಳಿಗ್ಗೆ ಸೊಸೆ ಬಚ್ಚಲ ಕಟ್ಟೆಯ ಹತ್ತಿರ ಕುಳಿತು ತಾಮ್ರದ ಹಂಡೆಗೆ ಹುಣಸೆಹಣ್ಣು ತಿಕ್ಕುತ್ತಿದ್ದಳು. ಆ ಹುಳಿವಾಸನೆ ಪಡಸಾಲೆಯವರೆಗೂ ಬಂತು. ನೀವಾಗಿದ್ದರೆ ಹಂಡೆ ಬೆಳಗುತ್ತಿದೆಯಲ್ಲ ಎಂದು ಸಮಾಧಾನಪಡುತ್ತಿದ್ದಿರಿ. ನಾನು ಓದುತ್ತಿದ್ದ ಪತ್ರಿಕೆ ಮಡಚಿಟ್ಟು ಎದ್ದು ಅಂಗಳಕ್ಕೆ ಹೋದೆ. ಆ ವಾಸನೆ ಬಂದರೆ ನನಗೆ ಇಂದಿಗೂ ಒಂದು ಕೋಳಿತತ್ತಿ ನೆನಪಾಗುತ್ತದೆ, ಅದರ ಹಿಂದೆಯೇ ನಾಚಿಕೆಯಾಗುತ್ತದೆ.

ನಾನು ಮೊದಲಿನಿಂದಲೂ ಅನುಮಾನದ ಮನುಷ್ಯ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು; ಧಾರವಾಡದ ಒಂದು ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಗೌಳಿ ಹಾಲು ಹಾಕಿದರೆ ಒಂದು ಹನಿಯನ್ನು ಉಗುರಿನ ಮೇಲೆ ನಿಲ್ಲಿಸಿ ನೋಡುತ್ತಿದ್ದೆ. ಅರಿಷಿಣಪುಡಿ ತಂದರೆ ನೀರಿನಲ್ಲಿ ಕದಡುತ್ತಿದ್ದೆ. ಹುಡುಗರು ಚಂದದ ಚಿತ್ರ ಬರೆದು ತಂದರೆ ನಾನು ಮೊದಲು ಕೇಳುತ್ತಿದ್ದುದು, ಇದನ್ನು ಯಾರು ಬರೆದುಕೊಟ್ಟರು ಎಂದು. ಬಣ್ಣದ ವಿಷಯದಲ್ಲಂತೂ ಇಡೀ ಓಣಿಯಲ್ಲಿ ನನಗಿಂತ ತಿಳಿದವರಿಲ್ಲ ಎಂಬ ಧಿಮಾಕು ಬೇರೆ. ನನ್ನ ಹೆಂಡತಿ ತುಳಸಾ ಒಮ್ಮೆ ಕೇಳಿದಳು: "ಲಗ್ನದಾಗ ನನ್ನ ಮಾರಿ ಅರಿಷಿಣಾನೂ ತಿಕ್ಕಿ ನೋಡಿದ್ರೇನ್ರಿ?" ನೋಡಿರಲಿಲ್ಲ. ನೋಡಬೇಕು ಎನ್ನಿಸಿರಲೇ ಇಲ್ಲ ಎಂದು ಮಾತ್ರ ಆಣೆ ಮಾಡಲಾರೆ.

ತುಳಸಾ ಹುಬ್ಬಳ್ಳಿಯ ರೇಲ್ವೆ ಚಾಳಿನಲ್ಲಿ ಬೆಳೆದವಳು. ತವರಿನ ಹಿತ್ತಲ ತುಂಬ ಕೋಳಿಗಳಿದ್ದವು. ಧಾರವಾಡಕ್ಕೆ ಬಂದ ಮೇಲೆ, ನಾನು ಸಾಲೆಗೆ ಹೋದರೆ ಸಂಜೆಯವರೆಗೆ ಆಕೆಗೆ ಮಾತಿಗೊಬ್ಬರಿರಲಿಲ್ಲ. ಹಿತ್ತಲಿಗೆ ಎರಡು ಕೋಳಿ ಬೇಕು ಎಂದು ಹಟ ಹಿಡಿದಳು. ಎಂಥವು ಅಂತೀರಿ? ಕರೆದರೆ ಬರಬೇಕು, ತೊಡೆಯ ಮೇಲೆ ಕೂರಬೇಕು, ಮೇಲಾಗಿ ತಾಮ್ರದ ಬಣ್ಣದ ತತ್ತಿ ಇಡಬೇಕು. ತವರಿನಲ್ಲಿ ಅಂಥದೊಂದು ಇತ್ತಂತೆ. ತಿನ್ನುವಾಗ ಸಿಪ್ಪೆ ಬಿಸಾಡುತ್ತೇವೆ, ಅದರ ಬಣ್ಣ ಕಟ್ಟಿಕೊಂಡು ಏನು ಮಾಡಬೇಕು ಎಂದೆ. "ತಿನ್ನಾಕಲ್ರಿ, ನೋಡಾಕ" ಎಂದಳು. ಡ್ರಾಯಿಂಗ್ ಮಾಸ್ತರ ಇದಕ್ಕೆ ಒಪ್ಪಲೇಬೇಕಾಯಿತು.

ಅಮ್ಮಿನಬಾವಿಯ ಇಮಾಮಬಿ ಮಂಗಳವಾರದ ಸಂತೆಗೆ ಬುಟ್ಟಿ ಹೊತ್ತು ಬರುತ್ತಿದ್ದಳು. ಮಧ್ಯಾಹ್ನದೊಳಗೆ ಸಂತೆ ಮುಗಿಸಿ ನಮ್ಮ ಓಣಿಯ ಏಳೆಂಟು ಮನೆಗಳಿಗೆ ತತ್ತಿ ಕೊಟ್ಟು ಊರಿಗೆ ಮರಳುತ್ತಿದ್ದಳು; ಸಂತೆಯ ದಿನ ನನಗೂ ಅರ್ಧ ದಿನವೇ ಸಾಲೆ. ಗಂಡ ತೀರಿಹೋಗಿದ್ದ; ಆ ಬುಟ್ಟಿಯ ಮೇಲೆಯೇ ಮನೆ ನಡೆಯಬೇಕಿತ್ತು. ತುಳಸಾಳ ಬೇಡಿಕೆ ಕೇಳಿ ಆಕೆ ನಗಲಿಲ್ಲ. ಮುಂದಿನ ವಾರ ಐದು ಕೋಳಿ ತಂದು ಹಿತ್ತಲಲ್ಲಿ ಬಿಟ್ಟಳು.

"ಬೆನ್ನ ಮ್ಯಾಲೆ ಕೈ ಇಡ್ರಿ ತುಳಸಾಬಾಯಿ. ಕುಂತ್ರ ಅದು ನಿಮ್ದು, ಓಡಿದ್ರ ನಂದು."

ಮೂರು ಓಡಿದವು. ಎರಡು ತುಳಸಾಳ ಅಂಗೈ ಕೆಳಗೆ ಕುಸಿದು ಕೂತವು. ಇಮಾಮಬಿ ಅವುಗಳ ಕಿವಿಯ ಕೆಳಗಿನ ತೊಗಲು ಹಿಡಿದು ತೋರಿಸಿದಳು. "ಇದು ಬೆಳ್ಳಗಿದ್ರ ತತ್ತಿ ಬೆಳ್ಳಗ, ಕೆಂಪಗಿದ್ರ ತತ್ತಿ ಕೆಂಪಗ. ನೋಡ್ರಿ, ಕೆಂಪೈತಿ." ಆಮೇಲೆ ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಐದಾರು ತತ್ತಿಗಳಲ್ಲಿ ಎರಡನ್ನು ಆರಿಸಿ, ಈ ಎರಡು ಕೋಳಿಗಳವೇ ಎಂದು ಕೊಟ್ಟಳು. ನಿಜಕ್ಕೂ ತಾಮ್ರದ ಬಣ್ಣ. ನಾನು ತತ್ತಿಗಿಂತ ಮೊದಲು ಆಕೆಯ ಬೆರಳು ನೋಡಿದೆ, ಬಣ್ಣ ಮೆತ್ತಿದೆಯೇ ಎಂದು. ಆಕೆ ಅದನ್ನು ಕಂಡಳು.

ಕೋಳಿಯನ್ನು ಒಮ್ಮೆಲೇ ಮಾರುವ ಪದ್ಧತಿ ಆಕೆಯದಲ್ಲ. ಎಂಟು ದಿನ ಮನೆಯಲ್ಲಿ ಬಿಟ್ಟುಹೋಗುವಳು. ಮನೆಗೆ ಹೊಂದಿಕೊಂಡರೆ ಆಮೇಲೆ ದುಡ್ಡು. ನನಗೆ ಅದರ ಮೇಲೂ ಅನುಮಾನ. ಕೈಗೆ ದುಡ್ಡು ಬರುವ ಮೊದಲೇ ಮಾಲು ಬಿಟ್ಟುಹೋಗುವವರು ಲೋಕದಲ್ಲಿ ಎಲ್ಲಿದ್ದಾರೆ?

ಕೋಳಿಗಳು ತುಳಸಾಳ ಕಾಲಿನ ಸುತ್ತಲೇ ತಿರುಗಾಡಿದವು. ಆಕೆ ಜೋಳ ಹಸನು ಮಾಡಲು ಕೂತರೆ ಒಂದು ಕೋಳಿ ತೊಡೆ ಏರಿ ನಿದ್ದೆ ಹೋಗುತ್ತಿತ್ತು. ಆದರೆ ತತ್ತಿ ಮಾತ್ರ ಇಲ್ಲ. ಸಂಜೆ ಸಾಲೆಯಿಂದ ಬಂದವನೇ ಟೊಪ್ಪಿಗೆ ತೆಗೆಯುವ ಮುಂಚೆ ಅದನ್ನೇ ಕೇಳುತ್ತಿದ್ದೆ.

"ಹೊಸ ಮನಿ ಅಲ್ರೀ. ನಾ ಬಂದಾಗ ಎಷ್ಟ ದಿನ ನೆಟ್ಟಗ ಊಟ ಮಾಡಿರಲಿಲ್ಲ, ಮರತ್ರೇನು?" ಎಂದಳು ತುಳಸಾ.

ಆರನೆಯ ದಿನ, ರವಿವಾರ, ಇಮಾಮಬಿ ಕೊಟ್ಟಿದ್ದ ತತ್ತಿಯೊಂದನ್ನು ತೆಗೆದುಕೊಂಡು, ಹುಣಸೆಹಣ್ಣು ನೆನೆಸಿ ತಿಕ್ಕಿದೆ. ಬೆರಳು ಕೆಂಪಾಯಿತು. ತತ್ತಿಯ ಮೇಲೆ ಬಿಳಿಯ ಪಟ್ಟೆ ಮೂಡಿತು. ಆಗ ನನಗಾದ ಸಂತೋಷವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಮೋಸ ಹೋದವನಿಗೆ ಸಿಟ್ಟು ಬರಬೇಕು. ನನಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿಯಾಗಿತ್ತು.

ಮಂಗಳವಾರ ಇಮಾಮಬಿ ನಮ್ಮ ಕಟ್ಟೆಯ ಮುಂದೆ ಬುಟ್ಟಿ ಇಳಿಸಿದ್ದಳು. ಪಕ್ಕದ ಮನೆಯ ಕಾಶವ್ವ, ಇನ್ನೂ ನಾಲ್ಕು ಹೆಂಗಸರು ತತ್ತಿ ಆರಿಸುತ್ತಿದ್ದರು. ನಾನು ಪಟ್ಟೆಯ ತತ್ತಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ.

"ಏನ್ ಇಮಾಮಬಿ, ಯಾವ ಅಂಗಡಿ ಬಣ್ಣ ಇದು?"

ಆಕೆ ತತ್ತಿಯನ್ನೇ ನೋಡುತ್ತ ನಿಂತಳು. "ಅಲ್ಲಾನ ಆಣಿ, ನಾ ಹಚ್ಚಿಲ್ರಿ ಮಾಸ್ತರ."

"ಹಚ್ಚಿಲ್ಲಂದ್ರ ಕೈಗೆ ಹೆಂಗ ಹತ್ತಿತು?"

ಆಕೆ ಬೆರಳಿನಿಂದ ಆ ಪಟ್ಟೆಯನ್ನು ಸವರಿ ನೋಡಿದಳು. ಜನ್ಮದಲ್ಲಿ ತತ್ತಿಗೆ ಹುಣಸೆಹಣ್ಣು ತಿಕ್ಕಿದವಳಲ್ಲ. ಯಾರು ತಾನೇ ತಿಕ್ಕುತ್ತಾರೆ? ಕಾಶವ್ವ ಕೈಯಲ್ಲಿದ್ದ ತತ್ತಿಗಳನ್ನು ಮರಳಿ ಬುಟ್ಟಿಗೆ ಇಟ್ಟಳು. ಆಕೆಯನ್ನು ನೋಡಿ ಉಳಿದವರೂ ಇಟ್ಟರು. "ಕೋಳಿ ತಂದುಕೊಡ್ರಿ ಬಾಯಿ" ಎಂದಳು ಇಮಾಮಬಿ. ತುಳಸಾ ಎರಡನ್ನೂ ಎದೆಗವಚಿಕೊಂಡು ತಂದು ಕೊಟ್ಟಳು.

ಸಂಜೆಯ ಹೊತ್ತಿಗೆ ತುಳಸಾ ಒಂದು ತಾಟು ತಂದು ನನ್ನ ಮುಂದೆ ಇಟ್ಟಳು. ತಾಟಿನಲ್ಲಿ ನೆನೆಸಿದ ಹುಣಸೆಹಣ್ಣು, ಒಂದು ತಾಮ್ರಬಣ್ಣದ ತತ್ತಿ. ಜೋಳದ ಚೀಲಗಳ ಹಿಂದಿನ ಸಂದಿಯಲ್ಲಿ ಸಿಕ್ಕಿತಂತೆ.

"ತಿಕ್ರಿ" ಎಂದಳು.

ತಿಕ್ಕಿದೆ. ಬೆರಳು ಕೆಂಪಾಯಿತು, ಅದೇ ಬಿಳಿಯ ಪಟ್ಟೆ.

"ನಮ್ಮ ಚೀಲದ ಹಿಂದ ಬಂದು ಇದಕ್ಕ ಬಣ್ಣ ಯಾವಾಗ ಹಚ್ಚಿ ಹೋದ್ಲು?"

ಕೆಂಪು ತತ್ತಿಯ ಬಣ್ಣ ಸಿಪ್ಪೆಯ ಮೇಲೆ ತೆಳ್ಳಗೆ ಕೂತಿರುತ್ತದೆ, ಹುಳಿ ತಾಗಿದರೆ ಬಿಟ್ಟುಕೊಡುತ್ತದೆ. ಕೋಳಿ ಕೊಟ್ಟ ಬಣ್ಣವೇ ಹಾಗೆ. ಓಣಿಯ ಬಣ್ಣಪಂಡಿತನಿಗೆ ಇದು ಗೊತ್ತಿರಲಿಲ್ಲ. ಇನ್ನೂ ಒಂದು ಹೇಳಿಬಿಡುತ್ತೇನೆ. ಆ ಗಳಿಗೆಯಲ್ಲಿ ನನಗೆ ಮೊದಲು ಬಂದ ಯೋಚನೆ, ಇಮಾಮಬಿ ಕೊಟ್ಟಿದ್ದ ಇನ್ನೊಂದು ತತ್ತಿಯನ್ನೇ ತುಳಸಾ ತಂದಿಟ್ಟಿರಬಹುದೇ ಎಂದು. ಎದ್ದು ಅಡಿಗೆಮನೆಗೆ ಹೋಗಿ ನೋಡಿದೆ. ಅದು ತನ್ನ ಜಾಗದಲ್ಲೇ ಇತ್ತು.

ಎರಡು ಮಂಗಳವಾರ ಇಮಾಮಬಿ ಓಣಿಗೆ ಬರಲಿಲ್ಲ. ಸಂತೆಯಲ್ಲೂ ಜನ ಆಕೆಯ ತತ್ತಿಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಾರೆ ಎಂಬ ಸುದ್ದಿ ಬಂತು. ರವಿವಾರ ಸೈಕಲ್ ಹತ್ತಿ ಅಮ್ಮಿನಬಾವಿಗೆ ಹೋದೆ. ಆಕೆ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟಳು. ನನ್ನದೇ ತಪ್ಪು ಎಂದೆ. ತತ್ತಿ ಸಿಕ್ಕಿದ್ದು, ತಿಕ್ಕಿದ್ದು ಎಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಓಣ್ಯಾಗ ನಾಕ ಮಂದಿ ಮುಂದ ಅಂದ್ರಿ. ಈಗ ಮನಿಗೆ ಬಂದು ನನ್ನೊಬ್ಬಾಕಿ ಮುಂದ ಹೇಳಾಕತ್ತೀರಿ. ನಾ ಹಚ್ಚಿಲ್ಲಂತ ನನಗ ಮೊದಲ ಗೊತ್ತೈತ್ರಿ ಮಾಸ್ತರ."

ತುಳಸಾಳಿಗೆ ಆ ಕೋಳಿಗಳನ್ನಾದರೂ ಕೊಡು ಎಂದೆ. "ತುಳಸಾಬಾಯಿಗೆ ಕೊಡಾಕ ನಂದೇನೂ ತಕರಾರಿಲ್ರಿ. ಆ ಓಣ್ಯಾಗ ಹೆಂಗ ಕಾಲಿಡ್ಲಿ?" ಎಂದಳು.

ಮರುದಿನ ಕಾಶವ್ವನ ಬಾಗಿಲಿಗೆ ಹೋಗಿ, ಇಮಾಮಬಿಯದು ತಪ್ಪಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೌದನ್ರಿ? ಎಷ್ಟ ತತ್ತಿ ಕೊಟ್ಟು ಕಳಿಸಿದ್ಲು?" ಎಂದಳು. ನನ್ನ ಕಿವಿ ಕಾದವು. ಉಳಿದ ಮನೆಗಳಿಗೆ ನಾನು ಹೋಗಲಿಲ್ಲ. ಇಮಾಮಬಿ ಬುಟ್ಟಿ ಬಿಟ್ಟು ಮಂದಿಯ ಹೊಲಕ್ಕೆ ಕೂಲಿಗೆ ಹೋಗುತ್ತಾಳೆಂದು ವರ್ಷದ ಮೇಲೆ ತಿಳಿಯಿತು. ತುಳಸಾ ಮತ್ತೆ ಕೋಳಿಯ ಮಾತು ಎತ್ತಲಿಲ್ಲ.

ಇಷ್ಟು ವರ್ಷ ಬಿಟ್ಟು ಇದನ್ನು ಯಾಕೆ ಬರೆದೆನೆಂದರೆ, ಅಚ್ಚಾದ ಕಾಗದ ಓಣಿಗಿಂತ ಹೆಚ್ಚು ಬಾಗಿಲುಗಳಿಗೆ ಹೋಗುತ್ತದೆ. ಅಮ್ಮಿನಬಾವಿಯ ಇಮಾಮಬಿ ತತ್ತಿಗೆ ಬಣ್ಣ ಹಚ್ಚಿರಲಿಲ್ಲ. ಇದನ್ನು ನಾನು ಈಗ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಬರೆದು ಮುಗಿಸಿ ಇಂದು ಮಧ್ಯಾಹ್ನ ತುಳಸಾಳಿಗೆ ಓದಲು ಕೊಟ್ಟೆ. ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದಳು. ಕೊನೆಯ ಹಾಳೆಯನ್ನು ತಿರುವಿ ಅದರ ಹಿಂಬದಿಯನ್ನೂ ನೋಡಿದಳು.

"ಆಕಿ ಹೆಸರು ಎಲ್ಲಾ ಕಡೆ ಬರದೀರಿ. ಊರೂ ಬರದೀರಿ. ತಪ್ಪು ಮಾಡಿದವರ ಹೆಸರು ಒಂದ ಕಡೆನೂ ಇಲ್ಲಲ್ರಿ?"

ಅಚ್ಚಿಗೆ ಹೋಗಬೇಕಾದ ಹಾಳೆಗಳು, ನನ್ನ ಹೆಸರಿಲ್ಲದೆ, ಇನ್ನೂ ನನ್ನ ಮೇಜಿನ ಮೇಲೆಯೇ ಇವೆ.