ಮಗಳ ಮೂಗಿನ ಅಗಲ

ಬೆಳಿಗ್ಗೆ ಪಕ್ಕದ ಮನೆಯಲ್ಲಿ ಯಾರೋ ರಾಗಿ ಗಂಜಿ ಕಾಯಿಸುತ್ತಿದ್ದರು. ಕಿಟಕಿಯಿಂದ ಆ ವಾಸನೆ ಬಂದದ್ದೇ ತಡ, ಎದ್ದು ಕಿಟಕಿ ಮುಚ್ಚಿದೆ. ಗಂಜಿಯ ತಪ್ಪೇನಿಲ್ಲ. ಹೋದ ವರ್ಷ ನನ್ನ ಮಗಳು ಚೈತ್ರಳ ಮೇಲ್ದವಡೆಯ ಆಪರೇಷನ್ ಆದಾಗ ವಾರಗಟ್ಟಲೆ ಅದನ್ನೇ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಸಿರಿಂಜಿನಲ್ಲಿ ಅವಳ ಬಾಯಿಗೆ ಬಿಡುತ್ತಿದ್ದೆವು. ಇವತ್ತು ಅವಳ ಮೂಗಿನ ವಿಷಯ ತೀರ್ಮಾನಿಸಲು ಮತ್ತೆ ಅದೇ ಡಾಕ್ಟರ ಬಳಿ ಹೋಗಬೇಕಿತ್ತು.

ಚೈತ್ರ ಹುಟ್ಟುವಾಗಲೇ ತುಟಿಯೂ ಬಾಯಿಯ ಅಂಗುಳವೂ ಸೀಳಿದ್ದವು. ನಮ್ಮಲ್ಲಿ ಮಗು ನೋಡಲು ಬಂದವರಿಗೆ ಒಂದು ಕೆಲಸವಿರುತ್ತದೆ, ನಿಮಗೂ ಗೊತ್ತು. ಕಣ್ಣು ತಾಯಿಯದು, ಹಣೆ ಅಜ್ಜನದು ಎಂದು ಮಗುವನ್ನು ಪಾಲು ಹಂಚುವುದು. ಇವಳನ್ನು ನೋಡಲು ಬಂದವರು ಏನನ್ನೂ ಹಂಚಲಿಲ್ಲ. ಕಾಫಿ ಕುಡಿದು ಸೆಕೆಯ ಬಗ್ಗೆ ಮಾತಾಡಿದರು. ಕೊನೆಗೆ ನಮ್ಮತ್ತೆ ನನ್ನ ಕಾಲು ನೋಡಿ, "ಕಾಲ್ಬೆರಳು ಅವರಪ್ಪಂದೇ" ಅಂದರು. ಅಷ್ಟಕ್ಕೇ ನನಗೆ ಅಳು ಬಂದುಬಿಟ್ಟಿತು.

ತುಟಿ, ಅಂಗುಳ ಎರಡನ್ನೂ ಚಿಕ್ಕಂದಿನಲ್ಲೇ ಹೊಲಿದರು. ಆದರೆ ಬೆಳೆಯುತ್ತಾ ಮೇಲ್ದವಡೆ ಹಿಂದೆಯೇ ಉಳಿಯಿತು, ಮೂಗಿನ ಎಡಭಾಗ ಚಪ್ಪಟೆಯಾಗಿ ಕುಸಿದಿತ್ತು. ಫೋಟೋ ಎಂದರೆ ಸಾಕು, ಹುಡುಗಿ ಬಲಗೆನ್ನೆ ತಿರುಗಿಸಿ ನಿಲ್ಲುತ್ತಿದ್ದಳು. ಬೆಳವಣಿಗೆ ನಿಂತ ಮೇಲೆ ದವಡೆಯನ್ನು ಮುಂದಕ್ಕೆ ತರುವ ಮಾತು ಬಂತು.

"ಮೂಗು ಕೂತಿರೋದೇ ಮೇಲ್ದವಡೆ ಮೇಲೆ" ಎಂದರು ಡಾಕ್ಟರಮ್ಮ. "ಅದು ಮುಂದೆ ಬಂದ್ರೆ ಕುಸಿದಿರೋ ಕಡೆಗೆ ಆಸರೆ ಸಿಗುತ್ತೆ, ತುದಿ ಸ್ವಲ್ಪ ಮೇಲೇಳುತ್ತೆ. ಆದ್ರೆ ಹೊಳ್ಳೆ ಅಗಲ ಆಗ್ಬಹುದು. ಆಗ್ದೇ ಇರ್ಲಿ ಅಂತ ಒಳಗಡೆ ಹೊಲಿಗೆ ಹಾಕ್ತೀವಿ. ಆದ್ರೂ ಇಷ್ಟೇ ಅಂತ ಹೇಳಕ್ಕಾಗಲ್ಲ."

ನಾನು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಅಂಗಡಿಯವನು. ಕೂದಲೆಳೆಯಷ್ಟು ಆಚೀಚೆಯಾದರೂ ನಮ್ಮ ಮಾಲು ವಾಪಸು ಬರುತ್ತದೆ. "ಪ್ಲಸ್ ಆರ್ ಮೈನಸ್ ಎಷ್ಟು ಮೇಡಂ?" ಎಂದು ಕೇಳಿಬಿಟ್ಟೆ. ಹೆಂಡತಿ ರತ್ನ ತೊಡೆ ಚಿವುಟಿದಳು.

"ಇದು ಕಬ್ಬಿಣ ಅಲ್ಲ ಸಾರ್" ಎಂದು ಡಾಕ್ಟರಮ್ಮ ನಕ್ಕರು. ಚೈತ್ರ ನಗಲಿಲ್ಲ. ಹೊರಗೆ ಬಂದ ಮೇಲೆ, "ಅಪ್ಪ, ಇರೋದೂ ಕೆಟ್ಟೋದ್ರೆ?" ಅಂದಳು.

"ಏನೂ ಆಗಲ್ಲ ಬಿಡೇ" ಎಂದೆ. 

ಅಲ್ಲಿಂದ ಮುಂದೆ ನನಗೆ ಜನ ಕಾಣುವುದು ನಿಂತುಹೋಗಿ ಬರೀ ಮೂಗುಗಳು ಕಾಣತೊಡಗಿದವು. ಮೆಟ್ರೋದಲ್ಲಿ ಎದುರು ಕೂತವರ ಹೊಳ್ಳೆಗಳನ್ನು ಅಳೆಯುತ್ತಾ ಹೋಗುತ್ತಿದ್ದೆ. ಒಬ್ಬ ಹುಡುಗ, "ಏನ್ ಸಾರ್, ಆಗಿಂದ ನೋಡ್ತಿದೀರಾ?" ಎಂದು ಕೇಳಿಯೇಬಿಟ್ಟ. ಪೀಣ್ಯ ಬರುವ ಮೊದಲೇ ಇಳಿದುಕೊಂಡೆ.

ಆಪರೇಷನ್ ಆದ ಮೇಲೆ ಅವಳ ಮುಖ ಕುಂಬಳಕಾಯಿಯಾಗಿತ್ತು. ಊತದಲ್ಲಿ ಮೂಗು ಯಾವುದು, ಕೆನ್ನೆ ಯಾವುದು ತಿಳಿಯುತ್ತಿರಲಿಲ್ಲ. ರತ್ನ ಬಚ್ಚಲಿನ ಕನ್ನಡಿ ಬಿಚ್ಚಿ ಅಟ್ಟಕ್ಕೆ ಹಾಕಿದಳು. ನನಗೋ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅವಳು ಮಲಗಿದ್ದಾಗ ಅಂಗಡಿಯಿಂದ ತಂದ ವರ್ನಿಯರ್ ಹಿಡಿದು ಮೂಗಿನ ಅಗಲ ಅಳೆಯಲು ಮೆಲ್ಲಗೆ ಬಗ್ಗಿದೆ. ಪಕ್ಕನೆ ಕಣ್ಣು ಬಿಟ್ಟಳು. ದವಡೆ ಬಿಗಿದಿದ್ದರಿಂದ ಬೈಯಲಾಗದೆ, ಫೋನಿನಲ್ಲಿ ಬರೆದು ಮುಖಕ್ಕೆ ಹಿಡಿದಳು: "ನಾನೇನು ನಿಮ್ ಅಂಗಡಿ ಮಾಲಾ?"

ಊತ ಇಳಿಯಿತು. ಕುಸಿದ ಎಡಭಾಗ ಎದ್ದಿತ್ತು, ತುಟಿ ತುಂಬಿಕೊಂಡಿತ್ತು. ಮೂಗಿನ ತುದಿ ಮಾತ್ರ ಇನ್ನೂ ಸೊಟ್ಟ. ಮತ್ತೆ, ಹೊಳ್ಳೆಗಳು ಅಗಲವಾಗಿದ್ದವು. ಅಳೆಯದೆಯೂ ಕಾಣುವಷ್ಟು. ನಾವು ಯಾರೂ ಅದರ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ. ಆ ಮೌನಕ್ಕೆ ನಾನು ಊತಕ್ಕಿಂತ ಹೆಚ್ಚು ಹೆದರಿದೆ.

ಇವತ್ತು ಡಾಕ್ಟರಮ್ಮ ಅವಳ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿದರು. "ಈಗ ಮೂಗಿಗೆ ಕೈ ಹಾಕ್ಬಹುದು. ತುದಿ ನೇರ ಮಾಡಿ, ಹೊಳ್ಳೆನೂ ಸಣ್ಣ ಮಾಡ್ತೀನಿ" ಎನ್ನುತ್ತಾ ಕೈಗನ್ನಡಿ ಕೊಟ್ಟರು. ಚೈತ್ರ ಬಹಳ ಹೊತ್ತು ನೋಡಿಕೊಂಡಳು. 

"ತುದಿ ಮಾತ್ರ ನೇರ ಮಾಡಿ ಡಾಕ್ಟ್ರೇ. ಅಗಲ ಹಂಗೇ ಇರ್ಲಿ."

"ಯಾಕಮ್ಮ?"

"ಅದು ನಮ್ಮಪ್ಪಂದು" ಎಂದು ನನ್ನತ್ತ ಬೆರಳು ತೋರಿಸಿದಳು.

ಡಾಕ್ಟರಮ್ಮ, ನರ್ಸು, ರತ್ನ ಮೂವರೂ ತಿರುಗಿ ನನ್ನ ಮೂಗನ್ನೇ ನೋಡಿದರು. ಊರವರ ಮೂಗನ್ನೆಲ್ಲ ಅಳೆದ ನಾನು ನನ್ನದನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ. ಕಣ್ಣೊರೆಸಿಕೊಳ್ಳಲೆಂದು ಕರ್ಚೀಫು ತೆಗೆದವನು ನಾಚಿಕೆಯಾಗಿ ಮೂಗು ಮುಚ್ಚಿಕೊಂಡೆ.

"ಕೈ ತೆಗೀರಿ ಅಪ್ಪ," ಚೈತ್ರ ಅಂದಳು, "ಅವರು ನೋಡ್ಲಿ."