ಹೊಸ್ತಿಲಲ್ಲಿ ನಿಂತ ಒಡಪು

ಬನಶಂಕರಿಯ ಗುಡಿಯ ಹೊರಗೆ ಒಬ್ಬಾಕೆ ಮುತ್ತಲ ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ಮಾರುತ್ತಿದ್ದಳು. ಹೊಸ ಸೊಸೆಯನ್ನು ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಗುಡಿಯಿಂದ ಹೊರಬಂದರೆ ಆ ಕರಿಹಣ್ಣಿನ ಹುಳಿವಾಸನೆ. ಎರಡು ದೊನ್ನೆ ಕೊಂಡೆ. ಒಂದು ಹಣ್ಣು ಬಾಯಿಗೆ ಹಾಕಿದ್ದೇ ತಡ, ಅಂಟು ಹಲ್ಲಿಗೆ ಹತ್ತಿತು, ಮಗ್ಗಲ ಮನೆಯ ಕಾಕಿ ಕಣ್ಣಮುಂದೆ ಬಂದು ನಿಂತಳು...

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಾವು ಹುನಗುಂದದಲ್ಲಿದ್ದೆವು. ಕಾಕಿ ನನ್ನ ಸಂಬಂಧಿಯೇನಲ್ಲ, ಗೋಡೆಗೆ ಗೋಡೆ ಹತ್ತಿದ ಮನೆ, ಅಷ್ಟೇ. ಆದರೆ ಒಡಪು ಕಟ್ಟುವುದರಲ್ಲಿ ಅವಳನ್ನು ಮೀರಿಸುವವರು ಊರಲ್ಲಿರಲಿಲ್ಲ. ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳಬಾರದು, ಪ್ರಾಸ ಕಟ್ಟಿ ಪದ್ಯದ ತುದಿಯಲ್ಲಿ ಹೇಳಬೇಕು. ಅದೇ ಒಡಪು. ಉಳಿದವರ ಒಡಪಿನಲ್ಲಿ ಬೆಳ್ಳಿ ಬಟ್ಟಲು, ಬಂಗಾರದ ಬಿಲ್ವಾರ, ಇಳಕಲ್ಲ ಸೀರೆ. ಕಾಕಿಯ ಒಡಪಿನಲ್ಲಿ ಮಾತ್ರ ಚಿಗರಿ ಜಿಗಿಯುತ್ತಿತ್ತು, ಗೌಜುಗ ಹಕ್ಕಿ ಕೂಗುತ್ತಿತ್ತು. ಅವಳು ಬೆಳೆದದ್ದೇ ಗಾಯರಾಣದಲ್ಲಿ, ಅಂದರೆ ಊರಾಚೆ ದನಕರು ಮೇಯುವ ಹುಲ್ಲು, ಕುರುಚಲು ಕಂಟಿಯ ಬಯಲಿನಲ್ಲಿ, ಆಡು ಕಾಯುತ್ತ.

"ಒಡಪ ಅಂದ್ರ ಹೆಸರಿಗಿ ತೊಡಸೂ ಅಂಗಿ ಅವ್ವಾ, ಚಂದಾಗಿರಬೇಕು," ಅನ್ನುತ್ತಿದ್ದಳು.

ಆಮೇಲೆ ಆ ಬಯಲನ್ನು ತುಂಡು ತುಂಡು ಮಾಡಿ ಸಾಗುವಳಿಗೆ ಹಂಚಿದರು. ಕಾಕಿಯ ಗಂಡನಿಗೂ, ನಾವು ಕಾಕಾ ಅನ್ನುತ್ತಿದ್ದವರಿಗೂ, ಒಂದು ಪಾಲು ಬಂತು. ಕಾಕಾ ಮೈಮುರಿದು ದುಡಿಯುವ ಮನುಷ್ಯ. ಕಂಟಿ ಕಡಿದರು, ಕಲ್ಲು ಕಿತ್ತರು, ಟ್ರ್ಯಾಕ್ಟರ್ ಹೊಡೆಸಿದರು. ಜೋಳ ಆಳೆತ್ತರ ನಿಂತಿತು. ಕಾಕಿ ತೆನೆ ಹಿಡಿದು ಕುಣಿದಾಡಿದಳು, ಅಲ್ಲೇ ಬದುವಿನ ಮೇಲೆ ಕುಳಿತು ಅತ್ತಳು ಕೂಡ. ನನಗೋ ನಗು ಬಂತು. ಏನು ಕಾಕಿ ಇದು ಅಂದೆ.

"ಹೊಟ್ಟಿ ತುಂಬೇತಿ, ಖುಷಿ ಐತಿ, ಸುಳ್ಳ ಯಾಕ ಹೇಳ್ಲಿ? ಆದ್ರ ಇಲ್ಲಿದ್ದವರನ್ನ ಒಂದ ಮಾತ ಕೇಳದ ಮನಿ ಬಿಡಿಸೇವಿ ನೋಡವ್ವಾ."

ಇದ್ದವರು ಅಂದರೆ ಮೊಲ, ಪುರಲಿಹಕ್ಕಿ, ಚಿಗರಿ.

ಹೊಲದ ಮೂಲೆಯಲ್ಲಿ ಒಂದು ಕವಳಿ ಕಂಟಿ ಮಾತ್ರ ಉಳಿದಿತ್ತು. ಗೌಜುಗಗಳು ಅದರ ಬುಡದಲ್ಲೇ ತತ್ತಿ ಇಡುತ್ತಿದ್ದವು. ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಎಂದು ಕಾಕಾ ಅದನ್ನೂ ಕೀಳಿಸುವವರಿದ್ದರು. ಕಾಕಿ ಎಷ್ಟು ಗೋಗರೆದರೂ ಒಂದೇ ಮಾತು: "ಮನಿಶಾಂತಿ ಮುಗೀಲಿ, ಮರುದಿನಾನ ಕೀಳಸ್ತೇನಿ."

ಮನೆಶಾಂತಿ, ಅಂದರೆ ಗೃಹಪ್ರವೇಶ, ಅವರ ಹೊಸ ಮನೆಯದು. ಅದೇ ಹೊಲದ ಜೋಳ ಮಾರಿ ಕಟ್ಟಿಸಿದ್ದು. ಆ ದಿನ ನಾವು ಹೆಣ್ಣುಮಕ್ಕಳು ರೂಢಿಯಂತೆ ಬಾಗಿಲಿಗೆ ಅಡ್ಡ ನಿಂತೆವು, ಹೆಸರು ಹೇಳಿದರಷ್ಟೇ ಒಳಗೆ. ಕಾಕಿಯ ಕೈಯಲ್ಲಿ ಕಳಸ, ಕಾಕಾನ ತಲೆಯ ಮೇಲೆ ಜೋಳ ತುಂಬಿದ ಬುಟ್ಟಿ. ಕಾಕಾ ಮೊದಲು ಹೆಂಡತಿಯ ಹೆಸರಿಗೆ ಒಂದು ಚಿಕ್ಕ ಪ್ರಾಸ ತೊದಲಿ ಪಾರಾದರು. ಕಾಕಿ ಗಂಟಲು ಸರಿಮಾಡಿಕೊಂಡಳು:

"ಹುಲ್ಲಾಗ ಪುರಲಿಹಕ್ಕಿ, ಬಯಲಾಗ ಚಿಗರಿ ಹಿಂಡ,
ಕಲ್ಲ ಸಂದ್ಯಾಗ ಮೊಲದ ಮರಿ, ಕವಳ್ಯಾಗ ಗೌಜುಗದ ದಂಡ,
ಎಲ್ಲಾರನೂ ಎಬ್ಬಿಸಿ ಕಳಿಸಿ ಮನಿ ಕಟ್ಟಿಸ್ಯಾರ ನನ್ನ ಗಂಡ,
ಅವರ ಹೆಸರು..."

ಅಲ್ಲಿಗೆ ಬಾಯಿ ಮುಚ್ಚಿದಳು. ನಾವು ಕಾದೆವು.

"ಹೇಳಬೇ, ಹೋಳಿಗಿ ಆರತಾವು!" ಎಂದು ಒಳಗಿನಿಂದ ಯಾರೋ ಕೂಗಿದರು.

ಕಾಕಿ ಗಂಡನ ಕಡೆ ನೋಡದೆ ನನಗೆ ಹೇಳಿದಳು: "ಕಂಟಿ ಕೀಳೂ ಮನಶ್ಯಾನ ಹೆಸರ ನನ್ನ ಬಾಯಾಗ ಬರವಲ್ದು. ಕೇಳವ್ವಾ ಅವರನ್ನ, ಕಂಟಿ ಇರತೈತೋ, ಹೋಗತೈತೋ?"

ಎದುರಿಗಿದ್ದ ಕಾಕಾನನ್ನು ನಾನು ಕೇಳಿದೆ: "ಕಾಕಾ, ಏನ ಹೇಳ್ಲಿರಿ?"

ಹೆಣ್ಣುಮಕ್ಕಳ ನಗೆಗೆ ಚಪ್ಪರವೇ ಹಾರಿಹೋಗಬೇಕು. ಕಾಕಾನ ಮೋರೆ ಸಿಟ್ಟಿನಿಂದ ಕೆಂಪಾಯಿತು. ತಲೆಯ ಮೇಲೆ ಬುಟ್ಟಿ, ಇಳಿಸುವಂತಿಲ್ಲ. ಎದುರಿಗೆ ನಾವು, ನುಗ್ಗುವಂತಿಲ್ಲ. "ಒಪ್ಪಿಬಿಡೋ ತಮ್ಮಾ, ಹೊಸ ಮನಿ ಕಟ್ಟಿಸಿ ಕಟ್ಟೀಮ್ಯಾಲ ಮಲಗತೀಯೇನ?" ಎಂದರು ಹಿಂದಿದ್ದ ಹಿರಿಯರು. ಕಾಕಾ ಏನೋ ಬಯ್ಯಲು ಹೆಂಡತಿಯ ಕಡೆ ತಿರುಗಿದರು. ಅವಳು ನಗುತ್ತಿರಲಿಲ್ಲ. ಕಳಸದ ನೀರಿನ ಮೇಲೆ ಬಗ್ಗಿದ್ದ ಮುಖದಲ್ಲಿ ಕಣ್ಣು ತುಂಬಿತ್ತು. ನಾನು ಕಂಡೆ, ಅವರೂ ಕಂಡರು.

"ಇರಲಿ ಬಿಡು," ಅಂದರು ಮೆಲ್ಲಗೆ. "ನಾ ಇರೂತನಕ ಅದಕ್ಕ ಕೊಡ್ಲಿ ಹಚ್ಚೂದಿಲ್ಲ."

ಕಾಕಿ ತಲೆ ಎತ್ತಿದಳು. ನಿಂತ ನಿಲುವಿನಲ್ಲೇ ಹೊಸ ಒಡಪು ಕಟ್ಟಿದಳು:

"ಹೋದ ಹಕ್ಕಿಗಿ ಕಣ್ಣೀರು, ಉಳದ ಕಂಟಿಗಿ ನೀರು,
ಹೊಸ್ತಲದಾಗ ಮಾತ ಕೊಟ್ಟ ನಮ್ಮನಿಯವರು ಯಾರು?"

ಆಮೇಲೆ ಹೆಸರು ಹೇಳಿದಳು, ಓಣಿಗೆಲ್ಲ ಕೇಳುವಂತೆ. ನಾನದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಸತಾಯಿಸಿ ಹೇಳಿದ ಹೆಸರನ್ನು ನಾನು ಪುಕ್ಕಟೆ ಹೇಳಿದರೆ ಕಾಕಿ ಮುನಿದಾಳು!

ಕಾಕಾ ಮಾತು ಉಳಿಸಿಕೊಂಡರು. ಪ್ರತಿ ಬೇಸಿಗೆ ಅದರ ಹಣ್ಣು ತಿಂದು ನಮ್ಮ ನಾಲಗೆ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು, ಕಂಟಿಯೊಳಗಿಂದ ಗೌಜುಗ ನಮ್ಮನ್ನು ಬಯ್ಯುತ್ತಿತ್ತು. ಅಡವಿ ಹೋಯಿತೆಂದು ಅಳುವ ಪದ್ಯಗಳನ್ನು ಆಮೇಲೆ ಪುಸ್ತಕಗಳಲ್ಲಿ ಓದಿದ್ದೇನೆ. ಅಡವಿ ಕಡಿದವನ ಹೆಸರಿಗೇ ಆ ಅಳುವನ್ನು ಪೋಣಿಸಿ, ಊರನ್ನೆಲ್ಲ ನಗಿಸಿ, ಅವನ ಮನೆಯಲ್ಲೇ ಬಾಳಿದವಳು ನನಗೆ ಇವಳೊಬ್ಬಳೇ ಸಿಕ್ಕಿದ್ದು. ನನ್ನ ಮದುವೆಗೂ ಅವಳೇ ಒಡಪು ಕಟ್ಟಿಕೊಟ್ಟಳು. ಕಾಕಾ ಹೋದರು, ಹಿಂದೆಯೇ ಕಾಕಿ... ಹೊಲ ಬೇರೆಯವರ ಕೈಸೇರಿತು. ಮುಂದಿನ ಬೇಸಿಗೆಗೆ ಮೂಲೆಯಲ್ಲಿ ಕಂಟಿ ಇರಲಿಲ್ಲ.

ಬನಶಂಕರಿಯಿಂದ ಮನೆಗೆ ಬಂದಾಗ ಸೊಸೆಯ ನಾದಿನಿಯರು ಅವಳನ್ನು ಬಾಗಿಲಲ್ಲಿ ತಡೆದರು. ಅವಳಿಗೆ ಒಡಪು ಬಾರದು. ಕಾಕಿಯ ಮೊದಲ ಒಡಪನ್ನೇ ಕಿವಿಯಲ್ಲಿ ಹೇಳಿಕೊಟ್ಟೆ. ಒಂದೊಂದೇ ಸಾಲು ಹೇಳುತ್ತ ಎರಡನೆಯದಕ್ಕೆ ನಿಂತಳು.

"ಅತ್ತಿ, ಕವಳಿ ಅಂದ್ರ ಏನ್ರಿ?"

ದೊನ್ನೆಯಿಂದ ಒಂದು ಹಣ್ಣು ತೆಗೆದು ಅವಳ ಬಾಯಿಗೆ ಹಾಕಿದೆ. ಹುಳಿಗೆ ಮುಖ ಕಿವುಚಿ, ಆಮೇಲೆ ನಕ್ಕಳು. ಎಲ್ಲರೂ ನಕ್ಕೆವು.

"ಗೌಜುಗ, ಪುರಲಿ ಅಂದ್ರ?"

ನನ್ನ ಕೈ ಮತ್ತೆ ದೊನ್ನೆಗೆ ಹೋಯಿತು. ಅದರಲ್ಲಿ ಹಣ್ಣಷ್ಟೇ ಇದ್ದವು.