ಅಪ್ಪನ ಗಡ್ಡ, ಅಮ್ಮನ ಬಸುರು

ಮನೆಯ ಯಜಮಾನ ಗಡ್ಡ ಬಿಟ್ಟರೆ ಹೆಂಡತಿ ಬಸುರಿ ಎಂದು ನಮ್ಮವರ ಲೆಕ್ಕ. ಹೆರಿಗೆಯಾಗುವವರೆಗೆ ಗಂಡ ಕ್ಷೌರ ಮಾಡಿಸಿಕೊಳ್ಳಬಾರದಲ್ಲ! ೧೯೫೮ರಲ್ಲಿ ಗುಬ್ಬಿಯ ಸಮಾಜಸೇವಕ ಅನಂತರಾಮಯ್ಯನವರು, ಅಂದರೆ ನಮ್ಮಪ್ಪ, ಗಡ್ಡ ಬಿಡುವಾಗ ಇದೊಂದನ್ನು ಮರೆತಿದ್ದರು. ತುಮಕೂರು, ಕುಣಿಗಲ್ ಸುತ್ತಿ ಅಸ್ಪೃಶ್ಯತೆಯ ಮೇಲೆ ಭಾಷಣ ಮಾಡುವವರಿಗೆ ಮನೆಯ ಸಣ್ಣಪುಟ್ಟ ವಿಷಯ ಎಲ್ಲಿ ನೆನಪಿರುತ್ತದೆ?

ಹಠಕ್ಕೆ ಕಾರಣವಿತ್ತು. ಹರಿಜನ ಕಾಲೋನಿಯ ರಂಗಯ್ಯ ಅಪ್ಪನ ಜೊತೆಗಾರರು. ಕ್ಷೌರದಂಗಡಿಯ ಅಂಜನಮೂರ್ತಿ ರಂಗಯ್ಯನ ತಲೆಗೆ ಕತ್ತರಿ ಮುಟ್ಟಿಸಲಿಲ್ಲ; ಮುಟ್ಟಿಸಿದರೆ ಉಳಿದವರು ಬರುವುದಿಲ್ಲ ಎಂಬ ಭಯ. ಕಾನೂನು ಹೇಳಿದರೂ ಕೇಳಲಿಲ್ಲ. ರಂಗಯ್ಯನಿಗೆ ಮಾಡುವವರೆಗೆ ನನಗೂ ಬೇಡ ಎಂದು ಅಪ್ಪ ಎದ್ದು ಬಂದರು.

ಐದು ತಿಂಗಳಲ್ಲಿ ಗಡ್ಡ ಪೊದೆಯಾಯಿತು. ಅಂಗಡಿ ಮಾತ್ರ ಹಾಗೇ ಇತ್ತು. ಬೀದಿಯ ಹೆಂಗಸರು ನಲವತ್ತನಾಲ್ಕು ವರ್ಷದ ನಮ್ಮಮ್ಮ ತುಳಸಮ್ಮನಿಗೆ ಉಪ್ಪಿನಕಾಯಿ, ಹುಣಸೆ ತೊಕ್ಕು ತಂದುಕೊಟ್ಟು, ಎಷ್ಟು ತಿಂಗಳು ಎಂದು ವಿಚಾರಿಸಿದರು. ಅಮ್ಮ ಬಾವಿಗೆ ಹೋಗುವುದನ್ನೂ ಬಿಟ್ಟಳು. ಕೊನೆಗೆ ಕುಣಿಗಲ್‌ನಿಂದ ನನ್ನ ಭಾವೀ ಅತ್ತೆಯ ಕಾಗದ ಬಂತು: ನಿಮ್ಮ ಬಾಣಂತನ ಮುಗಿಯಲಿ, ಮದುವೆ ಮುಂದಕ್ಕೆ ಹಾಕೋಣ. ಓದಿ ನಾನು ಗೊಳೋ ಎಂದು ಅತ್ತುಬಿಟ್ಟೆ.

ಅಮ್ಮ ಅಳಲಿಲ್ಲ. ಸೆರಗು ಹೊದ್ದು, ನನ್ನನ್ನೂ ರಂಗಯ್ಯನನ್ನೂ ಕರೆದುಕೊಂಡು ಅಂಗಡಿಯ ಬಾಗಿಲಲ್ಲಿ ಹೋಗಿ ನಿಂತಳು. ಒಳಗೆ ಊರಿನ ದೊಡ್ಡ ಮನುಷ್ಯರೊಬ್ಬರ ಒಂದು ಕೆನ್ನೆ ಮಾತ್ರ ಆಗಿತ್ತು. ಸೋಪಿನ ಮುಖದಲ್ಲಿ ಬೀದಿಗೆ ಓಡುವಂತಿಲ್ಲ, ಹೆಂಗಸರ ಮುಂದೆ ಕೂತಿರುವಂತೆಯೂ ಇಲ್ಲ. ಹೇಗೋ ಮುಗಿಸಿಕೊಂಡು ಪಾರಾದರು. ರಂಗಯ್ಯನಿಗೆ ಮಾಡುವವರೆಗೆ ಕದಲುವುದಿಲ್ಲ ಎಂದಳು ಅಮ್ಮ.

ಅಂಜನಮೂರ್ತಿ ಕುರ್ಚಿ ಒರೆಸುತ್ತಾ ಮೆಲ್ಲಗೆ ಕೇಳಿದ: “ಮಾಡ್ತೀನಿ ತಾಯಿ. ಆದ್ರೆ ನಿಮ್ಮನೇಲಿ ರಂಗಯ್ಯನ್ನ ಎಲ್ಲಿ ಕೂರಿಸ್ತೀರ?”

ಹತ್ತು ವರ್ಷದಿಂದ ರಂಗಯ್ಯ ನಮ್ಮ ಜಗಲಿ ದಾಟಿರಲಿಲ್ಲ. ಕಾಫಿಯೂ ಅಲ್ಲೇ. ನನಗೆ ನಾಚಿಕೆಯಾಯಿತು. ಅಂಜನಮೂರ್ತಿ ಕತ್ತರಿ ಎತ್ತಿಕೊಂಡ.

ಮೂವರೂ ಮನೆಗೆ ಬಂದೆವು. ಸುದ್ದಿ ಕೇಳಿದ ಅಪ್ಪ, ತಾವೇ ಗೆದ್ದವರಂತೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ಕ್ಷೌರಕ್ಕೆ ಹೊರಡಲು ಎದ್ದರು. ರಂಗಯ್ಯ ಎಂದಿನಂತೆ ಜಗಲಿಯ ಮೇಲೆ ಕೂರಲು ಹೋದರು.

“ಅಲ್ಲಿ ಬೇಡ, ಒಳಗೆ ಬನ್ನಿ,” ಎಂದ ಅಮ್ಮ ನಡುಮನೆಯ ಕುರ್ಚಿಯನ್ನು ಎಳೆದುಕೊಟ್ಟಳು.

ನಮ್ಮ ಮನೆಯಲ್ಲಿದ್ದದ್ದು ಅದೊಂದೇ ಕುರ್ಚಿ, ಅಪ್ಪನದು. ರಂಗಯ್ಯ ಕಾಫಿ ಕುಡಿದು ಮುಗಿಸುವವರೆಗೆ ಅಪ್ಪ ಗಡ್ಡ ಹೊತ್ತುಕೊಂಡು ನಿಂತೇ ಇದ್ದರು.